ಹುಟ್ಟಿನಿಂದಲೇ ಇರುವ ಹಳದಿ ಮಚ್ಚೆ: ನೀವಸ್ ಸೆಬೇಶಿಯಸ್ ಬಗ್ಗೆ ಓದುಗರ ಪ್ರಶ್ನೆಗಳು, ವೈದ್ಯರ ಉತ್ತರಗಳು

ಚರ್ಮದ ಜಿಡ್ಡಿನ ಗ್ರಂಥಿಗಳಿಂದ ರೂಪುಗೊಳ್ಳುವ, ವೈದ್ಯರು ನೀವಸ್ ಸೆಬೇಶಿಯಸ್ ಎಂದು ಕರೆಯುವ ಹುಟ್ಟುಮಚ್ಚೆಯ ಬಗ್ಗೆ ಹಲವು ಓದುಗರು ಬರೆದು ಕೇಳಿದ್ದಾರೆ. ಹಸುಗೂಸಿನ ತಾಯಿಯಿಂದ ಹಿಡಿದು ನಡುವಯಸ್ಸು ದಾಟಿದವರವರೆಗೆ ಎಲ್ಲರ ಪತ್ರಗಳೂ ಇರುವುದರಿಂದ ಈ ಸಂಚಿಕೆಯ ಅಂಕಣವನ್ನು ಪೂರ್ತಿಯಾಗಿ ಇದೇ ವಿಷಯಕ್ಕೆ ಮೀಸಲಿಟ್ಟಿದ್ದೇವೆ. ಪತ್ರಗಳನ್ನು ಸಂಕ್ಷೇಪಿಸಲಾಗಿದೆ, ಹೆಸರುಗಳನ್ನು ಕೈಬಿಡಲಾಗಿದೆ. ಮಚ್ಚೆಯನ್ನು ಕಣ್ಣಾರೆ ನೋಡಿ, ಮುಟ್ಟಿ ಪರೀಕ್ಷಿಸಿದ ವೈದ್ಯರ ಅಭಿಪ್ರಾಯಕ್ಕೆ ಇಲ್ಲಿನ ಉತ್ತರಗಳು ಪರ್ಯಾಯವಲ್ಲ ಎಂಬುದನ್ನು ಓದುಗರು ಗಮನದಲ್ಲಿಟ್ಟುಕೊಳ್ಳಬೇಕು.

ಪ್ರಶ್ನೆ: ನಮ್ಮ ಮಗುವಿಗೆ ಈಗ 4 ತಿಂಗಳು. ಹುಟ್ಟಿದಾಗಲೇ ನೆತ್ತಿಯ ಬಲಭಾಗದಲ್ಲಿ ಕೂದಲಿಲ್ಲದ, ತಿಳಿ ಹಳದಿ ಬಣ್ಣದ ಒಂದು ಉದ್ದನೆಯ ಪಟ್ಟಿ ಇತ್ತು. ಹೆರಿಗೆಯ ಸಮಯದಲ್ಲಿ ಇಕ್ಕಳ ತಾಗಿ ಆದ ಗಾಯವಿರಬೇಕೆಂದು ಸುಮ್ಮನಿದ್ದೆವು. ಈಗ ಚರ್ಮರೋಗ ತಜ್ಞರು ಅದು ನೀವಸ್ ಸೆಬೇಶಿಯಸ್ ಎಂದು ಹೇಳಿದ್ದಾರೆ. ಹುಟ್ಟಿದಾಗ ಸ್ವಲ್ಪ ಉಬ್ಬಿದ್ದದ್ದು ಈಗ ಚಪ್ಪಟೆಯಾಗಿದೆ. ಇದು ಏನು? ತಾನಾಗಿಯೇ ಮಾಯವಾಗುತ್ತದೆಯೇ?

ಉತ್ತರ: ಅಂಗೈ ಮತ್ತು ಅಂಗಾಲುಗಳನ್ನು ಬಿಟ್ಟರೆ ನಮ್ಮ ಮೈಮೇಲಿನ ಬಹುಪಾಲು ಚರ್ಮದಲ್ಲಿ ಜಿಡ್ಡಿನ ಗ್ರಂಥಿಗಳಿವೆ. ಸಾಮಾನ್ಯವಾಗಿ ಇವು ಕೂದಲ ಬುಡಕ್ಕೆ ಅಂಟಿಕೊಂಡಂತೆ ಇರುತ್ತವೆ. ನೆತ್ತಿ ಮತ್ತು ಮುಖದಲ್ಲಿ ಹೆಚ್ಚು ದಟ್ಟವಾಗಿರುತ್ತವೆ. ಗ್ರಂಥಿಯ ಕೋಶಗಳು ಜಿಡ್ಡನ್ನು ತುಂಬಿಕೊಂಡು, ಕೊನೆಗೆ ತಾವೇ ಒಡೆದು, ಆ ಜಿಡ್ಡಿನೊಂದಿಗೆ ಹೊರಬರುತ್ತವೆ. ನವಜಾತ ಶಿಶುವಿನ ಮೈಗೆ ಮೆತ್ತಿಕೊಂಡಿರುವ ಬಿಳಿಯ ಲೇಪನದಲ್ಲಿ ಈ ಗ್ರಂಥಿಗಳ ಪಾಲು ದೊಡ್ಡದು. ನಿಮ್ಮ ಮಗುವಿನ ನೆತ್ತಿಯ ಆ ಪಟ್ಟಿಯಲ್ಲಿ ಗರ್ಭದಲ್ಲಿರುವಾಗಲೇ ಚರ್ಮದ ರಚನೆ ಬೇರೆ ರೀತಿಯಲ್ಲಿ ಆಗಿದೆ: ಜಿಡ್ಡಿನ ಗ್ರಂಥಿಗಳ ಸಂಖ್ಯೆ ಮತ್ತು ಜೋಡಣೆ ಎಂದಿನಂತಿಲ್ಲ, ಕೂದಲ ಬುಡಗಳು ಪೂರ್ತಿ ಬೆಳೆಯದೆ ಅರ್ಧಕ್ಕೇ ನಿಂತಿವೆ, ಮೇಲ್ಪದರ ತುಸು ದಪ್ಪಗಿದೆ. ಕೂದಲು ಬೆಳೆಯದಿರುವುದಕ್ಕೆ ಕಾರಣ ಇದೇ. ಹಳದಿ ಬಣ್ಣ ಬರುವುದು ಜಿಡ್ಡಿನಿಂದ.

ಯಾಡಸೋನ್ ಎಂಬ ಚರ್ಮರೋಗ ತಜ್ಞರು 1895ರಲ್ಲಿ ಈ ಮಚ್ಚೆಯನ್ನು ವಿವರಿಸಿದ ಕಾರಣ ಕೆಲವು ವೈದ್ಯಕೀಯ ವರದಿಗಳಲ್ಲಿ ಅವರ ಹೆಸರೂ ಸೇರಿಕೊಂಡಿರುತ್ತದೆ. ಅದನ್ನು ಕಂಡು ಬೇರೆ ಯಾವುದೋ ರೋಗವೆಂದು ಗಾಬರಿಯಾಗಬೇಕಿಲ್ಲ. ಹುಟ್ಟುವ ಸಾವಿರ ಮಕ್ಕಳಲ್ಲಿ ಸುಮಾರು ಮೂವರಲ್ಲಿ ಇದು ಕಂಡುಬರುತ್ತದೆ. ಹೆಣ್ಣು ಗಂಡು ಎಂಬ ವ್ಯತ್ಯಾಸವಿಲ್ಲ. ಹೆಚ್ಚಿನವರಿಗೆ ನೆತ್ತಿಯ ಮೇಲೆ, ಉಳಿದವರಿಗೆ ಹಣೆ, ಕಿವಿಯ ಸುತ್ತ, ಕೆನ್ನೆ ಅಥವಾ ಕುತ್ತಿಗೆಯಲ್ಲಿ ಇರುತ್ತದೆ. ಎದೆ, ಬೆನ್ನುಗಳಲ್ಲಿ ಬಹಳ ಅಪರೂಪ.

ಈಗ ಚಪ್ಪಟೆಯಾಗಿರುವುದರ ಬಗ್ಗೆ ಕೇಳಿದ್ದೀರಿ. ಗರ್ಭದಲ್ಲಿರುವಾಗ ತಾಯಿಯಿಂದ ಮಗುವಿಗೆ ದಾಟುವ ಹಾರ್ಮೋನುಗಳು ಹುಟ್ಟಿದ ಕೆಲವು ವಾರಗಳವರೆಗೆ ಜಿಡ್ಡಿನ ಗ್ರಂಥಿಗಳನ್ನು ಚುರುಕಾಗಿಟ್ಟಿರುತ್ತವೆ. ಆ ಪ್ರಭಾವ ಇಳಿದಂತೆ ಗ್ರಂಥಿಗಳು ಕುಗ್ಗುತ್ತವೆ, ಮಚ್ಚೆಯೂ ತಗ್ಗುತ್ತದೆ. ಇದು ವಾಸಿಯಾಗುತ್ತಿರುವುದರ ಲಕ್ಷಣವಲ್ಲ. ಮಚ್ಚೆ ಮುಂದಿನ ಹತ್ತು ಹನ್ನೆರಡು ವರ್ಷ ಹೆಚ್ಚು ಬದಲಾಗದೆ, ಮಗುವಿನ ತಲೆ ಬೆಳೆದಷ್ಟೇ ತಾನೂ ಬೆಳೆಯುತ್ತಾ, ಹಾಗೆಯೇ ಇರುತ್ತದೆ. ತಾನಾಗಿ ಮಾಯವಾಗುವುದಿಲ್ಲ. ಆದರೆ ಈ ಅವಧಿಯಲ್ಲಿ ಅದರಿಂದ ಮಗುವಿಗೆ ನೋವಾಗಲೀ ತುರಿಕೆಯಾಗಲೀ ಸಾಮಾನ್ಯವಾಗಿ ಇರುವುದಿಲ್ಲ.

ಇಕ್ಕಳದ ಗಾಯವೆಂದು ನೀವು ಭಾವಿಸಿದ್ದರಲ್ಲಿ ಆಶ್ಚರ್ಯವೇನಿಲ್ಲ. ಇದನ್ನು ಹುಳುಕಡ್ಡಿ ಎಂದು ತಿಳಿದು ತಿಂಗಳುಗಟ್ಟಲೆ ಮುಲಾಮು ಹಚ್ಚುವವರಿದ್ದಾರೆ, ಕೂದಲು ನಾಣ್ಯದಾಕಾರದಲ್ಲಿ ಉದುರುವ ಅಲೋಪೀಶಿಯಾ ಏರಿಯೇಟಾ ಎಂದು ಭಾವಿಸುವವರೂ ಇದ್ದಾರೆ. ಹುಳುಕಡ್ಡಿಯಲ್ಲಿ ಹೊಟ್ಟು, ತುರಿಕೆ, ಮುರಿದ ಕೂದಲಿನ ಮೊನೆಗಳು ಕಾಣುತ್ತವೆ. ಅಲೋಪೀಶಿಯಾ ಏರಿಯೇಟಾದಲ್ಲಿ ಚರ್ಮ ನುಣುಪಾಗಿ, ಸಹಜ ಬಣ್ಣದಲ್ಲಿಯೇ ಇರುತ್ತದೆ. ಅಲ್ಲದೆ ಅದು ಹುಟ್ಟಿನಿಂದ ಇರುವಂಥದ್ದಲ್ಲ. ನೀವಸ್ ಸೆಬೇಶಿಯಸ್ ಮೇಲೆ ಬೆರಳ ತುದಿಯನ್ನು ಆಡಿಸಿದರೆ ಸುತ್ತಲಿನ ಚರ್ಮಕ್ಕಿಂತ ಒಂದೆಳೆ ಎತ್ತರವಾಗಿ, ಮೇಣ ಸವರಿದಂತೆ ತಾಗುತ್ತದೆ. ನವಜಾತ ಶಿಶುಗಳಲ್ಲಿ ತುಂಬಾ ಗೊಂದಲ ಹುಟ್ಟಿಸುವುದು ನೆತ್ತಿಯ ಒಂದು ತುಣುಕು ಚರ್ಮವೇ ರೂಪುಗೊಳ್ಳದೆ, ಕಲೆಯಂತೆ ತೆಳುವಾಗಿ ಉಳಿಯುವ ಸ್ಥಿತಿ. ವೈದ್ಯರು ಡರ್ಮಟೋಸ್ಕೋಪ್ ಎಂಬ ಬೆಳಕಿನ ಭೂತಗನ್ನಡಿಯಲ್ಲಿ ನೋಡಿದಾಗ ನೀವಸ್ ಸೆಬೇಶಿಯಸ್‌ನಲ್ಲಿ ಹಳದಿ ಚುಕ್ಕೆಗಳು ಎದ್ದು ಕಾಣುವುದರಿಂದ ಎರಡನ್ನೂ ಬೇರ್ಪಡಿಸಬಹುದು. ಅಷ್ಟರಿಂದ ನಿರ್ಧಾರವಾಗದಿದ್ದರೆ ಮಾತ್ರ ಚರ್ಮದ ಚೂರು ತೆಗೆದು ಪರೀಕ್ಷಿಸುವ ಬಯಾಪ್ಸಿಯ ಮಾತು ಬರುತ್ತದೆ.

ಪ್ರಶ್ನೆ: ನಮ್ಮ ಮೊದಲ ಮಗಳಿಗೆ ಕಿವಿಯ ಹಿಂದೆ ಇಂಥದೇ ಮಚ್ಚೆ ಇದೆ. ನಾನು ಗರ್ಭಿಣಿಯಾಗಿದ್ದಾಗ ಜ್ವರಕ್ಕೆ ಮಾತ್ರೆ ತೆಗೆದುಕೊಂಡಿದ್ದೆ. ಅದರಿಂದ ಆಯಿತೆಂದು ಮನೆಯವರು ಇಂದಿಗೂ ಹೇಳುತ್ತಾರೆ. ಈಗ ಎರಡನೆಯ ಮಗುವಿಗೆ ಯೋಚಿಸುತ್ತಿದ್ದೇವೆ. ಅದಕ್ಕೂ ಬರುತ್ತದೆಯೇ?

ಉತ್ತರ: ನೀವು ತೆಗೆದುಕೊಂಡ ಮಾತ್ರೆಯಿಂದ ಈ ಮಚ್ಚೆ ಬಂದಿಲ್ಲ. ತಾಯಿಯ ಆಹಾರ, ಔಷಧ, ದುಡಿಮೆ, ಮನಸ್ಸಿನ ಬೇಗೆ, ಇವುಗಳಲ್ಲಿ ಯಾವುದಕ್ಕೂ ಇದರೊಂದಿಗೆ ಸಂಬಂಧವಿರುವುದು ಕಂಡುಬಂದಿಲ್ಲ. ಈ ಮಾತನ್ನು ನಿಮ್ಮ ಮನೆಯವರಿಗೂ ಓದಿ ಹೇಳಿ.

ಕಾರಣವೇನೆಂದು 2012ರಲ್ಲಿ ಪ್ರಕಟವಾದ ಸಂಶೋಧನೆ ಸ್ಪಷ್ಟಪಡಿಸಿತು. ಭ್ರೂಣ ಬೆಳೆಯುತ್ತಿರುವಾಗ ಕೋಶಗಳು ಲೆಕ್ಕವಿಲ್ಲದಷ್ಟು ಸಲ ಒಡೆದು ಇಮ್ಮಡಿಯಾಗುತ್ತವೆ. ಹಾಗೆ ಒಡೆಯುವಾಗ ಚರ್ಮವಾಗಬೇಕಿದ್ದ ಒಂದು ಕೋಶದಲ್ಲಿ, ಎಚ್-ರಾಸ್ ಎಂಬ ವಂಶವಾಹಿಯಲ್ಲಿ ಒಂದೇ ಒಂದು ಅಕ್ಷರದಷ್ಟು ಬದಲಾವಣೆ ಆಗುತ್ತದೆ. ಪರೀಕ್ಷಿಸಿದ ಮಚ್ಚೆಗಳ ಪೈಕಿ ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚಿನವುಗಳಲ್ಲಿ ಇದೇ ವಂಶವಾಹಿಯ ಬದಲಾವಣೆ ಸಿಕ್ಕಿತು. ಕೆಲವುಗಳಲ್ಲಿ ಕೆ-ರಾಸ್ ಎಂಬ ಅದರ ಸೋದರ ವಂಶವಾಹಿಯಲ್ಲಿ ಬದಲಾವಣೆ ಇತ್ತು. ಆ ಒಂದು ಕೋಶದಿಂದ ಹುಟ್ಟಿದ ಎಲ್ಲ ಕೋಶಗಳೂ ಬದಲಾವಣೆಯನ್ನು ಹೊತ್ತಿರುತ್ತವೆ, ಮಿಕ್ಕ ದೇಹದ ಕೋಶಗಳಲ್ಲಿ ಅದು ಇರುವುದೇ ಇಲ್ಲ. ಮಗ್ಗದಲ್ಲಿ ಒಂದು ಎಳೆಗೆ ಮಾತ್ರ ಬೇರೆ ಬಣ್ಣ ತಗಲಿದರೆ ಇಡೀ ಬಟ್ಟೆ ಸರಿಯಾಗಿದ್ದು ಆ ಎಳೆ ಹಾದುಹೋದಲ್ಲಷ್ಟೇ ಪಟ್ಟೆ ಮೂಡುತ್ತದಲ್ಲ, ಇದೂ ಹಾಗೆಯೇ. ಎಷ್ಟೋ ಮಚ್ಚೆಗಳು ದುಂಡಗಿರದೆ ಉದ್ದನೆಯ ಪಟ್ಟಿಯಂತಿರುವುದಕ್ಕೂ ಇದೇ ಕಾರಣ: ಭ್ರೂಣದ ಚರ್ಮದ ಕೋಶಗಳು ನಡುಗೆರೆಯಿಂದ ಹೊರಕ್ಕೆ ಸಾಗುವ ದಾರಿಗಳಲ್ಲಿಯೇ ಅವು ಮೂಡುತ್ತವೆ. ಬ್ಲಾಷ್ಕೊ ಎಂಬ ಜರ್ಮನ್ ವೈದ್ಯರು 1901ರಲ್ಲಿ, ವಂಶವಾಹಿಗಳ ಬಗ್ಗೆ ಇಷ್ಟೆಲ್ಲ ತಿಳಿಯುವ ಬಹಳ ಮೊದಲೇ, ನೂರಕ್ಕೂ ಹೆಚ್ಚು ರೋಗಿಗಳ ಮಚ್ಚೆಗಳನ್ನು ಗಮನಿಸಿ ಈ ಗೆರೆಗಳ ನಕ್ಷೆ ಬರೆದಿದ್ದರು.

ಬದಲಾವಣೆ ಮಗುವಿನ ದೇಹದಲ್ಲೇ, ಗರ್ಭಧಾರಣೆಯ ನಂತರ ಆಗಿರುವುದರಿಂದ ಅದು ನಿಮ್ಮಿಂದಲೂ ನಿಮ್ಮ ಪತಿಯಿಂದಲೂ ಬಂದದ್ದಲ್ಲ. ಎರಡನೆಯ ಮಗುವಿಗೆ ಬರುವ ಸಾಧ್ಯತೆ ಬೇರೆ ಯಾವುದೇ ಮಗುವಿಗೆ ಇರುವಷ್ಟೇ ಎಂದು ತಿಳಿಯಬಹುದು. ಒಂದೇ ಕುಟುಂಬದ ಇಬ್ಬರಲ್ಲಿ ಕಂಡುಬಂದ ಉದಾಹರಣೆಗಳು ವೈದ್ಯಕೀಯ ದಾಖಲೆಗಳಲ್ಲಿವೆಯಾದರೂ ಅವು ಬೆರಳೆಣಿಕೆಯಷ್ಟು ಮಾತ್ರ.

ರಾಸ್ ಎಂಬ ಹೆಸರನ್ನು ಅಂತರ್ಜಾಲದಲ್ಲಿ ಹುಡುಕಿದರೆ ಕ್ಯಾನ್ಸರ್ ಎಂಬ ಮಾತೇ ಮೊದಲು ಎದುರಾಗುತ್ತದೆ. ಹಾಗಾಗಿ ಮೊದಲೇ ಹೇಳಿಬಿಡುತ್ತೇನೆ: ಈ ಬದಲಾವಣೆಯೊಂದರಿಂದಲೇ ಕ್ಯಾನ್ಸರ್ ಉಂಟಾಗುವುದಿಲ್ಲ. ಉಂಟಾಗುವಂತಿದ್ದರೆ ಪ್ರತಿ ಸಾವಿರಕ್ಕೆ ಮೂರು ಮಕ್ಕಳು ಈ ಮಚ್ಚೆಯೊಂದಿಗೆ ಆರೋಗ್ಯವಾಗಿ ಬೆಳೆಯುತ್ತಿರಲಿಲ್ಲ.

ಪ್ರಶ್ನೆ: ಮಗಳಿಗೆ 12 ವರ್ಷ. ಹಣೆಯ ಅಂಚಿನಲ್ಲಿ ಹುಟ್ಟಿನಿಂದಲೂ ನಯವಾಗಿದ್ದ ಮಚ್ಚೆ ಕಳೆದ ಒಂದು ವರ್ಷದಲ್ಲಿ ದಪ್ಪಗಾಗಿ, ನರುಲಿಯಂತೆ ಒರಟಾಗಿದೆ. ಇದು ಅಪಾಯದ ಸೂಚನೆಯೇ?

ಉತ್ತರ: ಈ ವಯಸ್ಸಿನಲ್ಲಿ ಇದು ನಿರೀಕ್ಷಿತ ಬದಲಾವಣೆ. ಹರೆಯದ ಹಾರ್ಮೋನುಗಳು ಮುಖದ ಜಿಡ್ಡಿನ ಗ್ರಂಥಿಗಳನ್ನು ಕೆರಳಿಸಿ ಮೊಡವೆ ತರುವಂತೆಯೇ ಮಚ್ಚೆಯೊಳಗಿನ ಗ್ರಂಥಿಗಳನ್ನೂ ಹಿಗ್ಗಿಸುತ್ತವೆ. ಮಚ್ಚೆ ಒಟ್ಟಾರೆಯಾಗಿ, ಸಮನಾಗಿ ದಪ್ಪಗಾಗುತ್ತದೆ, ಬಣ್ಣ ಹಳದಿಯಿಂದ ಕಂದಿಗೆ ತಿರುಗುತ್ತದೆ, ಮೇಲ್ಮೈಯಲ್ಲಿ ಸಣ್ಣ ಸಣ್ಣ ಗುಬುಟುಗಳು ಏಳುತ್ತವೆ. ಕೆಲವರಿಗೆ ತುರಿಕೆಯೂ ಆಗಬಹುದು.

ಗಮನಿಸಬೇಕಾದದ್ದು ಬೇರೆ ಬಗೆಯ ಬದಲಾವಣೆಯನ್ನು. ಮಚ್ಚೆಯ ಒಂದು ಮೂಲೆಯಲ್ಲಿ ಮಾತ್ರ ಗಂಟು ಎದ್ದು ಅದು ವಾರದಿಂದ ವಾರಕ್ಕೆ ಬೆಳೆಯುತ್ತಿದ್ದರೆ, ಕಾರಣವಿಲ್ಲದೆ ರಕ್ತ ಒಸರಿದರೆ, ಹುಣ್ಣಾಗಿ ಮಾಯದಿದ್ದರೆ, ಒಂದು ಚುಕ್ಕೆ ಕಪ್ಪಗೆ ಅಥವಾ ನೀಲಿಯಾಗಿ ಕಾಣತೊಡಗಿದರೆ ತಡಮಾಡದೆ ವೈದ್ಯರಿಗೆ ತೋರಿಸಬೇಕು. ಪ್ರತಿದಿನ ನೋಡುವ ಕಣ್ಣಿಗೆ ನಿಧಾನವಾದ ಬದಲಾವಣೆ ತಿಳಿಯುವುದಿಲ್ಲವಾದ್ದರಿಂದ ಆರು ತಿಂಗಳಿಗೊಮ್ಮೆ ಒಂದೇ ಬೆಳಕಿನಲ್ಲಿ, ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ಫೋಟೊ ತೆಗೆದಿಡಿ. ವೈದ್ಯರಿಗೆ ಅಂಥ ನಾಲ್ಕು ಫೋಟೊಗಳು ಅರ್ಧ ಗಂಟೆಯ ವಿವರಣೆಗಿಂತ ಹೆಚ್ಚು ಹೇಳುತ್ತವೆ.

ಇನ್ನೊಂದು ಮಾತು. ಪತ್ರದಲ್ಲಿ ಮಗಳಿಗೆ ಏನನ್ನಿಸುತ್ತಿದೆ ಎಂಬುದನ್ನು ನೀವು ಬರೆದಿಲ್ಲ. ಹಣೆಯ ಮೇಲಿನ ಮಚ್ಚೆ ಒರಟಾಗುವುದು 12ರ ಹುಡುಗಿಗೆ ಸಣ್ಣ ವಿಷಯವಾಗಿರಲಾರದು. ಅವಳನ್ನು ಕೂರಿಸಿಕೊಂಡು ಕೇಳಿ. ತೆಗೆಸಬೇಕೆಂದು ಅವಳೇ ಬಯಸಿದರೆ ಅದು ಶಸ್ತ್ರಚಿಕಿತ್ಸೆಗೆ ಸಾಕಷ್ಟು ದೊಡ್ಡ ಕಾರಣ ಎಂದೇ ನಾನು ಪರಿಗಣಿಸುತ್ತೇನೆ.

ಪ್ರಶ್ನೆ: ನನ್ನ ಮಗನಿಗೆ 5 ವರ್ಷ, ನೆತ್ತಿಯಲ್ಲಿ ಎರಡು ಬೆರಳಗಲದ ಮಚ್ಚೆ. ಒಬ್ಬ ವೈದ್ಯರು "ಮುಂದೆ ಕ್ಯಾನ್ಸರ್ ಆಗಬಹುದು, ಈಗಲೇ ತೆಗೆಸಿ" ಎಂದರು. ಇನ್ನೊಬ್ಬರು "ಏನೂ ಬೇಡ, ನೋಡುತ್ತಿದ್ದರೆ ಸಾಕು" ಎಂದರು. ಇಬ್ಬರೂ ಅನುಭವಿಗಳೇ. ಯಾರ ಮಾತನ್ನು ನಂಬಬೇಕು?

ಉತ್ತರ: ಇಬ್ಬರೂ ತಾವು ಕಲಿತದ್ದನ್ನೇ ಹೇಳಿದ್ದಾರೆ, ಕಲಿತ ಕಾಲ ಬೇರೆ ಬೇರೆ ಇರಬಹುದು. ಈ ಭಿನ್ನಾಭಿಪ್ರಾಯದ ಹಿಂದಿನ ಕಥೆ ತಿಳಿದರೆ ನಿರ್ಧಾರ ಸುಲಭವಾಗುತ್ತದೆ.

ವಯಸ್ಕರಲ್ಲಿ ಈ ಮಚ್ಚೆಯೊಳಗೆ ಕೆಲವೊಮ್ಮೆ ಗೆಡ್ಡೆಗಳು ಹುಟ್ಟಿಕೊಳ್ಳುತ್ತವೆ. ಇಪ್ಪತ್ತನೆಯ ಶತಮಾನದ ಬಹುಪಾಲು ಅವಧಿಯಲ್ಲಿ ಅವುಗಳಲ್ಲಿ ಅನೇಕವನ್ನು ಬೇಸಲ್ ಸೆಲ್ ಕಾರ್ಸಿನೋಮಾ ಎಂಬ ಚರ್ಮದ ಕ್ಯಾನ್ಸರ್ ಎಂದೇ ಗುರುತಿಸಲಾಗುತ್ತಿತ್ತು. ಹಾಗಾಗಿ ಮಚ್ಚೆ ಇರುವವರಲ್ಲಿ ಹತ್ತಕ್ಕೊಬ್ಬರಿಗೆ, ಕೆಲವು ವರದಿಗಳ ಪ್ರಕಾರ ಅದಕ್ಕಿಂತಲೂ ಹೆಚ್ಚು ಜನರಿಗೆ, ಕ್ಯಾನ್ಸರ್ ಬರುತ್ತದೆಂಬ ಮಾತು ಪಠ್ಯಪುಸ್ತಕಗಳನ್ನು ಸೇರಿತು. ಪ್ರತಿ ಮಗುವಿನ ಮಚ್ಚೆಯನ್ನೂ ಹರೆಯಕ್ಕೆ ಮೊದಲೇ ಕತ್ತರಿಸಿ ತೆಗೆಯಬೇಕೆಂಬ ಸಲಹೆ ಬಂದದ್ದು ಹೀಗೆ. ಆದರೆ ಕೂದಲ ಬುಡದ ಕೋಶಗಳಿಂದ ಹುಟ್ಟುವ ಟ್ರೈಕೋಬ್ಲಾಸ್ಟೋಮಾ ಎಂಬ ನಿರುಪದ್ರವಿ ಗೆಡ್ಡೆ ಸೂಕ್ಷ್ಮದರ್ಶಕದಡಿ ಬೇಸಲ್ ಸೆಲ್ ಕಾರ್ಸಿನೋಮಾವನ್ನು ಬಹಳವಾಗಿ ಹೋಲುತ್ತದೆ. ಎರಡನ್ನೂ ಬೇರ್ಪಡಿಸುವ ಲಕ್ಷಣಗಳು ಚೆನ್ನಾಗಿ ತಿಳಿದ ಮೇಲೆ ಹಳೆಯ ಮಾದರಿಗಳನ್ನು ಮತ್ತೆ ಪರೀಕ್ಷಿಸಿದಾಗ, ಕ್ಯಾನ್ಸರ್ ಎಂದು ದಾಖಲಾಗಿದ್ದ ಹಲವು ಗೆಡ್ಡೆಗಳು ಟ್ರೈಕೋಬ್ಲಾಸ್ಟೋಮಾಗಳೆಂದು ತಿಳಿಯಿತು. ಫ್ರಾನ್ಸಿನಲ್ಲಿ 596 ಮಚ್ಚೆಗಳನ್ನು ಪರೀಕ್ಷಿಸಿ 2000ದಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಬೇಸಲ್ ಸೆಲ್ ಕಾರ್ಸಿನೋಮಾ ಇದ್ದದ್ದು ಶೇ. 0.8ರಷ್ಟರಲ್ಲಿ ಮಾತ್ರ. 707 ಮಚ್ಚೆಗಳನ್ನು ಒಳಗೊಂಡ 2014ರ ಇನ್ನೊಂದು ಅಧ್ಯಯನದಲ್ಲಿ ಆ ಪ್ರಮಾಣ ಶೇ. 1.1. ಈ ಅಂಕಿಗಳೂ ಶಸ್ತ್ರಚಿಕಿತ್ಸೆಯಿಂದ ತೆಗೆದ ಮಚ್ಚೆಗಳಿಗೆ ಸಂಬಂಧಿಸಿದವು. ಯಾವ ತೊಂದರೆಯೂ ಇಲ್ಲದೆ, ವೈದ್ಯರ ಬಳಿಗೇ ಹೋಗದೆ ಜೀವಮಾನ ಕಳೆದವರ ಮಚ್ಚೆಗಳು ಲೆಕ್ಕಕ್ಕೆ ಸಿಕ್ಕಿಲ್ಲ. ಅವುಗಳನ್ನೂ ಸೇರಿಸಿದರೆ ನಿಜವಾದ ಪ್ರಮಾಣ ಇನ್ನೂ ಕಡಿಮೆಯೇ ಇರಬೇಕು.

ಕ್ಯಾನ್ಸರ್ ಬಂದರೂ ಸಾಮಾನ್ಯವಾಗಿ ಬರುವುದು ನಡುವಯಸ್ಸು ದಾಟಿದ ಮೇಲೆ. ಮಕ್ಕಳಲ್ಲಿ ಆದ ಉದಾಹರಣೆಗಳು ತೀರಾ ವಿರಳ. ಬೇಸಲ್ ಸೆಲ್ ಕಾರ್ಸಿನೋಮಾ ಬೆಳೆಯುವುದು ನಿಧಾನ, ದೇಹದ ಬೇರೆ ಭಾಗಗಳಿಗೆ ಹರಡುವುದು ಅತ್ಯಪರೂಪ, ಪೂರ್ತಿ ಕತ್ತರಿಸಿ ತೆಗೆದರೆ ಗುಣವಾಗುವಂಥದ್ದು. ಇದಕ್ಕಿಂತ ಹಟಮಾರಿಯಾದ ಕ್ಯಾನ್ಸರುಗಳು ಈ ಮಚ್ಚೆಯಲ್ಲಿ ಹುಟ್ಟಿದ ವರದಿಗಳೂ ಇಲ್ಲದಿಲ್ಲ. ವಯಸ್ಸಾದ ಮೇಲೂ ನಿಗಾ ಬಿಡಬಾರದೆಂದು ಹೇಳುವುದು ಅವುಗಳಿಗಾಗಿಯೇ.

ಹೀಗಾಗಿ 5 ವರ್ಷದ ಮಗುವಿನ ಮಚ್ಚೆಯನ್ನು ಕ್ಯಾನ್ಸರಿನ ಭಯದಿಂದ ಅವಸರದಲ್ಲಿ ತೆಗೆಸಬೇಕಿಲ್ಲ ಎಂಬುದು ನನ್ನ ಅಭಿಪ್ರಾಯ. ಹಾಗೆಂದು ತೆಗೆಸುವುದು ತಪ್ಪೂ ಅಲ್ಲ. ಎದ್ದು ಕಾಣುವ ಬೋಳು ಪಟ್ಟಿ, ಬಾಚಣಿಗೆ ತಾಗಿ ಪದೇ ಪದೇ ಆಗುವ ಗಾಯ, ವರ್ಷಗಟ್ಟಲೆ ನಿಗಾ ಇಡಲು ಆಗದ ಪರಿಸ್ಥಿತಿ, ಇವೆಲ್ಲ ನ್ಯಾಯವಾದ ಕಾರಣಗಳು. ನಿಮ್ಮ ಇಬ್ಬರು ವೈದ್ಯರ ನಡುವೆ ಉಳಿಯುವ ವ್ಯತ್ಯಾಸ ಯಾವಾಗ ಎಂಬುದರದ್ದು, ಅದನ್ನು ಮುಂದಿನ ಪ್ರಶ್ನೆಯಲ್ಲಿ ನೋಡೋಣ.

ಪ್ರಶ್ನೆ: ತೆಗೆಸುವುದೆಂದು ತೀರ್ಮಾನಿಸಿದರೆ ಯಾವ ವಯಸ್ಸು ಸೂಕ್ತ? ಶಸ್ತ್ರಚಿಕಿತ್ಸೆ ಹೇಗಿರುತ್ತದೆ? ಕಲೆ ಉಳಿಯುತ್ತದೆಯೇ?

ಉತ್ತರ: ಎಲ್ಲರಿಗೂ ಹೊಂದುವ ಒಂದು ವಯಸ್ಸಿಲ್ಲ. ಹಸುಗೂಸಿನ ನೆತ್ತಿಯ ಚರ್ಮ ಸಡಿಲವಾಗಿರುತ್ತದೆ, ಅಂಚುಗಳನ್ನು ಎಳೆದು ಹೊಲಿಯುವುದು ಸುಲಭ, ಮಚ್ಚೆಯೂ ಚಿಕ್ಕದು, ಮಗುವಿಗೆ ಆ ಘಟನೆಯ ನೆನಪೂ ಉಳಿಯುವುದಿಲ್ಲ. ಬೇಗ ಮಾಡಿಸಿ ಎನ್ನುವ ಶಸ್ತ್ರಚಿಕಿತ್ಸಕರ ವಾದ ಇದು. ಆದರೆ ಆ ವಯಸ್ಸಿನಲ್ಲಿ ಮಗುವನ್ನು ಪೂರ್ತಿ ಪ್ರಜ್ಞೆ ತಪ್ಪಿಸಬೇಕಾಗುತ್ತದೆ. 3 ವರ್ಷದೊಳಗಿನ ಮಕ್ಕಳಿಗೆ ದೀರ್ಘಕಾಲ ಅಥವಾ ಮತ್ತೆ ಮತ್ತೆ ಅರಿವಳಿಕೆ ಕೊಡುವುದರಿಂದ ಬೆಳೆಯುವ ಮೆದುಳಿನ ಮೇಲೆ ಪರಿಣಾಮವಾಗಬಹುದೆಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2016ರಲ್ಲಿ ಎಚ್ಚರಿಕೆ ನೀಡಿತು. ಒಂದೇ ಸಲದ ಚಿಕ್ಕ ಅವಧಿಯ ಅರಿವಳಿಕೆಗೆ ಆ ಎಚ್ಚರಿಕೆ ಅನ್ವಯಿಸದಿದ್ದರೂ, ತುರ್ತಿಲ್ಲದ ಶಸ್ತ್ರಚಿಕಿತ್ಸೆಯನ್ನು ಮುಂದೂಡಲು ಅಷ್ಟು ಸಾಕು ಎಂದು ಅನೇಕ ವೈದ್ಯರು ಭಾವಿಸುತ್ತಾರೆ. ಹತ್ತು ಹನ್ನೆರಡು ವರ್ಷ ದಾಟಿದ, ಸಹಕರಿಸುವ ಮಕ್ಕಳಿಗೆ ಸಣ್ಣ ಮಚ್ಚೆಯಾದರೆ ಆ ಜಾಗವನ್ನಷ್ಟೇ ಮರಗಟ್ಟಿಸಿ, ಮಾತನಾಡಿಸುತ್ತಲೇ ತೆಗೆಯಬಹುದು. ಆ ವೇಳೆಗೆ ಮಗುವಿನ ಇಷ್ಟಾನಿಷ್ಟವೂ ತಿಳಿದಿರುತ್ತದೆ. ದೊಡ್ಡ ಮಚ್ಚೆ, ಮುಖದ ನಡುವಿನ ಮಚ್ಚೆ, ಇವುಗಳ ಲೆಕ್ಕಾಚಾರ ಬೇರೆ. ಅವನ್ನು ಬೇಗ ತೆಗೆಯುವುದೇ ಒಳಿತಾಗಬಹುದು.

ಶಸ್ತ್ರಚಿಕಿತ್ಸೆಯಲ್ಲಿ ಮಚ್ಚೆಯ ಸುತ್ತ ಕಿರಿದಾದ ಅಂಚು ಬಿಟ್ಟು, ದೋಣಿಯಾಕಾರದಲ್ಲಿ ಗೆರೆ ಎಳೆದು, ಚರ್ಮವನ್ನು ಅದರ ಪೂರ್ತಿ ದಪ್ಪದಲ್ಲಿ, ಕೆಳಗಿನ ಕೊಬ್ಬಿನ ಪದರದವರೆಗೆ ಕತ್ತರಿಸಿ ತೆಗೆಯುತ್ತಾರೆ. ದುಂಡಗೆ ಕತ್ತರಿಸಿದರೆ ಹೊಲಿಗೆಯ ಎರಡು ತುದಿಗಳಲ್ಲಿ ಚರ್ಮ ಮಡಿಕೆಯಾಗಿ ಉಬ್ಬಿ ನಿಲ್ಲುವುದರಿಂದ ಈ ಆಕಾರ. ನೆತ್ತಿಗೆ ರಕ್ತಸಂಚಾರ ಹೆಚ್ಚಾಗಿರುವ ಕಾರಣ ಕತ್ತರಿಸುವಾಗ ರಕ್ತ ಸ್ವಲ್ಪ ಹೆಚ್ಚಾಗಿಯೇ ಹರಿಯುತ್ತದೆ, ಅದೇ ಕಾರಣಕ್ಕೆ ಗಾಯ ಬೇಗನೆ ಕೂಡಿಕೊಳ್ಳುತ್ತದೆ. ಒಂದೇ ಸಲಕ್ಕೆ ಅಂಚುಗಳು ಕೂಡದಷ್ಟು ಅಗಲವಿದ್ದರೆ ಕೆಲವು ತಿಂಗಳ ಅಂತರದಲ್ಲಿ ಎರಡು ಮೂರು ಹಂತಗಳಲ್ಲಿ ತೆಗೆಯುತ್ತಾರೆ. ಇಲ್ಲವೇ ಪಕ್ಕದ ಆರೋಗ್ಯವಂತ ಚರ್ಮದಡಿ ಸಿಲಿಕೋನ್ ಚೀಲವಿಟ್ಟು, ವಾರಕ್ಕಿಷ್ಟು ಎಂದು ಉಪ್ಪುನೀರು ತುಂಬಿಸುತ್ತಾ ಚರ್ಮವನ್ನು ಹಿಗ್ಗಿಸಿ, ಆಮೇಲೆ ಅದನ್ನು ಎಳೆದು ಖಾಲಿ ಜಾಗವನ್ನು ಮುಚ್ಚುತ್ತಾರೆ. ಈ ಎರಡನೆಯ ವಿಧಾನದಲ್ಲಿ ಮಗು ಕೆಲವು ವಾರ ತಲೆಯಲ್ಲಿ ಉಬ್ಬಿನೊಂದಿಗೆ ಓಡಾಡಬೇಕಾಗುತ್ತದೆಂಬುದನ್ನು ಮೊದಲೇ ತಿಳಿದಿರಬೇಕು.

ಕಲೆ ಖಂಡಿತ ಉಳಿಯುತ್ತದೆ. ಅಗಲವಾದ ಬೋಳು ಪಟ್ಟಿಯ ಬದಲು ಸಣ್ಣ ಗೆರೆ ಉಳಿಯುತ್ತದೆ, ಆ ಗೆರೆಯ ಮೇಲೂ ಕೂದಲು ಬರುವುದಿಲ್ಲ, ಮಕ್ಕಳು ಬೆಳೆದಂತೆ ಅದು ಸ್ವಲ್ಪ ಅಗಲವಾಗಲೂಬಹುದು. ಸುತ್ತಲಿನ ಕೂದಲು ಅದನ್ನು ಮುಚ್ಚುವುದರಿಂದ ನೆತ್ತಿಯಲ್ಲಿ ಇದು ಅಷ್ಟಾಗಿ ಬಾಧಿಸುವುದಿಲ್ಲ. ಹಣೆ ಕೆನ್ನೆಗಳ ವಿಷಯದಲ್ಲಿ ಮಾತ್ರ ಪ್ಲಾಸ್ಟಿಕ್ ಸರ್ಜನ್ ಬಳಿ ಕುಳಿತು ಗೆರೆ ಎಲ್ಲಿ ಬರುತ್ತದೆ, ಎಷ್ಟು ಉದ್ದವಿರುತ್ತದೆ ಎಂದು ಬರೆಸಿ ತೋರಿಸಿಕೊಳ್ಳಿ.

ಪ್ರಶ್ನೆ: ಕತ್ತರಿಸದೆ ಲೇಸರ್‌ನಿಂದ ಅಥವಾ ಮುಲಾಮಿನಿಂದ ಹೋಗಲಾಡಿಸಬಹುದೇ? ಎಣ್ಣೆ ತಿಕ್ಕಿದರೆ ಕೂದಲು ಬರುತ್ತದೆಯೇ?

ಉತ್ತರ: ಎಣ್ಣೆಯಿಂದಾಗಲೀ ಮುಲಾಮಿನಿಂದಾಗಲೀ ಕೂದಲು ಬರುವುದಿಲ್ಲ, ಅಲ್ಲಿ ಬೆಳೆಯಬಲ್ಲ ಕೂದಲ ಬುಡವೇ ಇಲ್ಲ. ಗಟ್ಟಿಯಾಗಿ ತಿಕ್ಕಿದರೆ ಚರ್ಮ ತರಚಿ ಕೆರಳುತ್ತದೆ, ಅಷ್ಟೇ. ಲೇಸರ್ ಮತ್ತು ಚರ್ಮದ ಮೇಲ್ಪದರ ಕೆರೆದು ತೆಗೆಯುವ ವಿಧಾನಗಳು ಉಬ್ಬನ್ನು ತಗ್ಗಿಸಿ ನೋಟವನ್ನು ಉತ್ತಮಪಡಿಸಬಲ್ಲವು. ಆದರೆ ಗ್ರಂಥಿಗಳು ಆಳದಲ್ಲಿ ಉಳಿದುಬಿಡುವುದರಿಂದ ಮಚ್ಚೆ ಮರಳುತ್ತದೆ, ಜೊತೆಗೆ ಪರೀಕ್ಷೆಗೆ ಕಳುಹಿಸಲು ಚರ್ಮದ ತುಣುಕೂ ಸಿಗುವುದಿಲ್ಲ. ಕತ್ತರಿಸಲು ಅನುಕೂಲವಲ್ಲದ ಜಾಗದಲ್ಲಿ, ಉದಾಹರಣೆಗೆ ಮೂಗಿನ ಮೇಲೆ ಹರಡಿದ ಮಚ್ಚೆಗೆ, ಇದನ್ನು ಆಯ್ದುಕೊಳ್ಳುವವರಿದ್ದಾರೆ. ಅಂಥವರು ನಿಗಾ ಇಡುವುದನ್ನು ನಿಲ್ಲಿಸಬಾರದು.

ಪ್ರಶ್ನೆ: ತಂಗಿಯ ನವಜಾತ ಮಗುವಿಗೆ ಹಣೆಯಿಂದ ಮೂಗಿನ ಪಕ್ಕದವರೆಗೆ ಉದ್ದನೆಯ ಹಳದಿ ಮಚ್ಚೆಯಿದೆ. ವೈದ್ಯರು ಮೆದುಳಿನ ಸ್ಕ್ಯಾನ್, ಕಣ್ಣಿನ ಪರೀಕ್ಷೆ ಎಲ್ಲ ಬರೆದುಕೊಟ್ಟಿದ್ದಾರೆ. ಚರ್ಮದ ಮಚ್ಚೆಗೆ ಇಷ್ಟೆಲ್ಲ ಬೇಕೇ?

ಉತ್ತರ: ಈ ಮಗುವಿನ ವಿಷಯದಲ್ಲಿ ಬೇಕು. ಸಣ್ಣ ಮಚ್ಚೆಗಳಿರುವ ಬಹುಪಾಲು ಮಕ್ಕಳಿಗೆ ಬೇರಾವ ತೊಂದರೆಯೂ ಇರುವುದಿಲ್ಲ, ಅವರಿಗೆ ಸ್ಕ್ಯಾನ್ ಅನಗತ್ಯ. ಆದರೆ ವಂಶವಾಹಿಯ ಬದಲಾವಣೆ ಭ್ರೂಣದ ಬಹಳ ಎಳೆಯ ಹಂತದಲ್ಲಿ ಆಗಿದ್ದರೆ ಆ ಕೋಶದ ಸಂತತಿ ಚರ್ಮವನ್ನು ಮೀರಿ ಮೆದುಳು, ಕಣ್ಣು, ಮೂಳೆಗಳಲ್ಲೂ ಇರಬಹುದು. ದೊಡ್ಡದಾದ, ವಿಶೇಷವಾಗಿ ಮುಖದ ನಡುಭಾಗವನ್ನು ಒಳಗೊಂಡ ಮಚ್ಚೆಗಳಲ್ಲಿ ಈ ಸಾಧ್ಯತೆಯನ್ನು ಪರಿಶೀಲಿಸಲೇಬೇಕು. ಷಿಮ್ಮೆಲ್‌ಪೆನ್ನಿಂಗ್ ಎಂಬ ಜರ್ಮನ್ ವೈದ್ಯರು 1957ರಲ್ಲಿ ವಿವರಿಸಿದ ಕಾರಣ ಈ ಸ್ಥಿತಿಗೆ ಅವರದೇ ಹೆಸರಿದೆ.

ನಿಮ್ಮ ತಂಗಿ ಗಮನಿಸಬೇಕಾದವು: ಮಗುವಿಗೆ ಫಿಟ್ಸ್ ಬರುವುದು, ಕತ್ತು ನಿಲ್ಲುವುದು, ಕೂರುವುದು ಮುಂತಾದ ಬೆಳವಣಿಗೆಗಳು ತಡವಾಗುವುದು, ಕಣ್ಣಿನ ಬಿಳಿಭಾಗದಲ್ಲಿ ಗಂಟು ಅಥವಾ ಪಾಪೆಯ ಆಕಾರದಲ್ಲಿ ಕಚ್ಚು ಕಾಣುವುದು. ಮೂಳೆಗಳ ಸಮಸ್ಯೆ ಸ್ವಲ್ಪ ವಿಚಿತ್ರವಾದದ್ದು, ತಡವಾಗಿ ಬಯಲಾಗುವಂಥದ್ದು. ಕೆಲವು ಮಕ್ಕಳಲ್ಲಿ ಎಫ್‌ಜಿಎಫ್ 23 ಎಂಬ ಹಾರ್ಮೋನು ಅತಿಯಾಗಿ, ರಂಜಕದ ಅಂಶ ಮೂತ್ರದಲ್ಲಿ ಸೋರಿಹೋಗಿ, ಮೂಳೆಗಳು ಮೆತ್ತಗಾಗುತ್ತವೆ. ಕಾಲು ಬಾಗುವುದು, ಮೂಳೆನೋವು, ಸಣ್ಣ ಪೆಟ್ಟಿಗೂ ಮೂಳೆ ಮುರಿಯುವುದು ಇದರ ಲಕ್ಷಣಗಳು. ರಕ್ತದಲ್ಲಿನ ರಂಜಕದ ಮಟ್ಟವನ್ನು ಆಗಾಗ ಅಳೆಯುತ್ತಿದ್ದರೆ ಮುಂಚಿತವಾಗಿಯೇ ತಿಳಿಯುತ್ತದೆ, ಔಷಧವೂ ಇದೆ. ಮೊದಲ ಪರೀಕ್ಷೆಗಳಲ್ಲಿ ಏನೂ ಕಾಣದಿದ್ದರೆ ಅದು ಸಂತೋಷದ ವಿಷಯ, ಆದರೂ ಮಕ್ಕಳ ವೈದ್ಯರು ಹೇಳಿದ ಅವಧಿಗೆ ಮಗುವನ್ನು ತೋರಿಸುತ್ತಿರಬೇಕು.

ಪ್ರಶ್ನೆ: ನನಗೆ 46 ವರ್ಷ. ತಲೆಯಲ್ಲಿ ಹುಟ್ಟಿನಿಂದ ಇರುವ ಮಚ್ಚೆಯ ಬಗ್ಗೆ ಎಂದೂ ಯೋಚಿಸಿರಲಿಲ್ಲ. ಕೆಲವು ತಿಂಗಳಿಂದ ಅದರ ಒಂದು ತುದಿಯಲ್ಲಿ ಕಡಲೆಕಾಳಿನಷ್ಟು ಗಂಟಾಗಿದೆ, ತಲೆ ಬಾಚಿದಾಗ ಕೆಲವೊಮ್ಮೆ ರಕ್ತ ಬರುತ್ತದೆ. ನೋವಿಲ್ಲ. ಕಾಯಬಹುದೇ?

ಉತ್ತರ: ಕಾಯಬೇಡಿ. ನೋವಿಲ್ಲವೆಂಬುದು ಇಲ್ಲಿ ಸಮಾಧಾನದ ಮಾತಲ್ಲ. ನಿರುಪದ್ರವಿ ಗೆಡ್ಡೆಗಳಲ್ಲೂ ನೋವಿರುವುದಿಲ್ಲ, ಕ್ಯಾನ್ಸರಿನಲ್ಲೂ ಸಾಮಾನ್ಯವಾಗಿ ಮೊದಮೊದಲು ನೋವಿರುವುದಿಲ್ಲ. ಈ ವಾರವೇ ಚರ್ಮರೋಗ ತಜ್ಞರನ್ನು ಕಾಣಿ. ಅವರು ಗಂಟಿನಿಂದ ಸಣ್ಣ ಚೂರು ತೆಗೆದು ಪರೀಕ್ಷೆಗೆ ಕಳುಹಿಸಬಹುದು, ಅಥವಾ ನೇರವಾಗಿ ಇಡೀ ಮಚ್ಚೆಯನ್ನೇ ತೆಗೆದು ಕಳುಹಿಸಬಹುದು. ನಿಮ್ಮ ವಯಸ್ಸಿಗೆ ಎರಡನೆಯದೇ ಹೆಚ್ಚು ಸೂಕ್ತ ಎಂದು ನನಗನ್ನಿಸುತ್ತದೆ, ಏಕೆಂದರೆ ಒಂದೇ ಮಚ್ಚೆಯೊಳಗೆ ಒಂದಕ್ಕಿಂತ ಹೆಚ್ಚು ಬಗೆಯ ಗೆಡ್ಡೆಗಳು ಇರುವುದುಂಟು.

ಲೆಕ್ಕಾಚಾರ ನಿಮ್ಮ ಪರವಾಗಿಯೇ ಇದೆ. ಇಂಥ ಗಂಟುಗಳಲ್ಲಿ ಹೆಚ್ಚಿನವು ಹಿಂದೆ ಹೇಳಿದ ಟ್ರೈಕೋಬ್ಲಾಸ್ಟೋಮಾ ಅಥವಾ ಬೆವರಿನ ಗ್ರಂಥಿಯ ನಾಳದಿಂದ ಹುಟ್ಟುವ, ಒದ್ದೆಯಾಗಿ ಒಸರುವ, ನಿರುಪದ್ರವಿಯಾದ ಸಿರಿಂಗೋಸಿಸ್ಟಡೆನೋಮಾ ಎಂಬ ಗೆಡ್ಡೆ. ವರದಿಯಲ್ಲಿ ಇಷ್ಟುದ್ದದ ಹೆಸರು ಕಂಡೊಡನೆ ಹೆದರುವ ಬದಲು, ಪೂರ್ತಿ ತೆಗೆಯಲಾಗಿದೆಯೇ, ಅಂಚುಗಳು ಶುದ್ಧವಾಗಿವೆಯೇ, ಅಂದರೆ ಕತ್ತರಿಸಿದ ಅಂಚಿನಲ್ಲಿ ಗೆಡ್ಡೆಯ ಕೋಶಗಳಿಲ್ಲವೇ ಎಂದು ವೈದ್ಯರನ್ನು ಕೇಳಿ. ಬೇಸಲ್ ಸೆಲ್ ಕಾರ್ಸಿನೋಮಾ ಎಂದೇ ಬಂದರೂ ಅಂಚುಗಳು ಶುದ್ಧವಾಗಿದ್ದರೆ ಸಾಮಾನ್ಯವಾಗಿ ಮುಂದಿನ ಚಿಕಿತ್ಸೆ ಬೇಕಾಗುವುದಿಲ್ಲ, ನಿಯಮಿತ ತಪಾಸಣೆ ಸಾಕಾಗುತ್ತದೆ. ವರದಿಯ ಪ್ರತಿಯನ್ನು ಜೋಪಾನವಾಗಿಡಿ.

ಪ್ರಶ್ನೆ: ಶಾಲೆಯಲ್ಲಿ ನನ್ನ ಮಗಳ ಪಕ್ಕ ಕೂರಲು ಬೇರೆ ಮಕ್ಕಳು ಹಿಂಜರಿಯುತ್ತಾರೆ, ಅವಳ ತಲೆಯ ಮಚ್ಚೆ ಅಂಟುರೋಗವೆಂದು ಯಾರೋ ಹೇಳಿದ್ದಾರಂತೆ. ಬಾಚಣಿಗೆ, ಟೋಪಿ ಬೇರೆಯಾಗಿಡಬೇಕೇ?

ಉತ್ತರ: ಬೇಡ. ಇದು ಸೋಂಕಲ್ಲ, ಮುಟ್ಟಿದರೂ ಒಂದೇ ಬಾಚಣಿಗೆ ಬಳಸಿದರೂ ಯಾರಿಗೂ ಹರಡುವುದಿಲ್ಲ. ಹುಳುಕಡ್ಡಿಯೊಂದಿಗೆ ತಪ್ಪಾಗಿ ಹೋಲಿಸಿದ್ದರಿಂದ ಈ ಮಾತು ಹುಟ್ಟಿರಬೇಕು. ಹುಟ್ಟಿನಿಂದ ಬಂದ, ಅಂಟದ ಮಚ್ಚೆ ಎಂದು ನಿಮ್ಮ ವೈದ್ಯರಿಂದ ಎರಡು ಸಾಲು ಬರೆಸಿ ತರಗತಿಯ ಶಿಕ್ಷಕರಿಗೆ ಕೊಡಿ, ಮಕ್ಕಳೊಂದಿಗೆ ಮಾತನಾಡುವ ಕೆಲಸವನ್ನು ಅವರೇ ಮಾಡಲಿ. ಮಗಳು ಎಂದಿನಂತೆ ಶಾಂಪೂ ಹಚ್ಚಿ ತಲೆಸ್ನಾನ ಮಾಡಬಹುದು, ಈಜಬಹುದು, ಆಡಬಹುದು, ಜಡೆ ಹಾಕಿಕೊಳ್ಳಬಹುದು. ಬಾಚಣಿಗೆಯ ಹಲ್ಲುಗಳು ಚೂಪಾಗಿರದಂತೆ ನೋಡಿಕೊಳ್ಳಿ. ಬಿಸಿಲಿನಲ್ಲಿ ಹೆಚ್ಚು ಹೊತ್ತು ಇರುವುದಾದರೆ ಕೂದಲಿನ ಮರೆಯಿಲ್ಲದ ಆ ಜಾಗ ಸುಡದಂತೆ ಟೋಪಿ ಹಾಕಿ ಕಳುಹಿಸಿ.